ಕೈದಿ ಹಡಗಿನ ಕೂರೆ

1814ರ ಜುಲೈ. ಆಸ್ಟ್ರೇಲಿಯಾದ ಕರಾವಳಿ ಹತ್ತಿರ ಬ್ರಾಕ್ಸ್‌ಬೋರ್ನ್‌ಬರಿ ಅನ್ನೋ ಹಡಗಿಗೆ ಇನ್ನೊಂದು ಹಡಗು ಎದುರಾಯಿತು. ಹೆಸರು ಸರ್ರಿ. ಇಂಗ್ಲೆಂಡಿನಿಂದ 200 ಕೈದಿಗಳನ್ನು ಹೊತ್ತು ಹೊರಟಿತ್ತು. ಒಳಗೆ ಟೈಫಸ್ ಎಂಬ ಅಂಟು ಜ್ವರ ಹೊಕ್ಕಿತ್ತು. ಕ್ಯಾಪ್ಟನ್ ಹಾಸಿಗೆ ಹಿಡಿದಿದ್ದ, ಹಡಗು ನಡೆಸಬಲ್ಲವರೇ ಉಳಿದಿರಲಿಲ್ಲ. ಥಾಮಸ್ ನ್ಯಾಶ್ ಎಂಬ ನಾವಿಕ ತಾನಾಗಿ ಮುಂದೆ ಬಂದ. ಆ ಜ್ವರದ ಹಡಗು ಹತ್ತಿ, ಅದನ್ನು ಸಿಡ್ನಿ ಮುಟ್ಟಿಸಿದ. ಆ ಪಯಣ 36 ಕೈದಿಗಳನ್ನು ಬಲಿ ತೆಗೆದುಕೊಂಡಿತು. ಕ್ಯಾಪ್ಟನ್ನೂ ಉಳಿಯಲಿಲ್ಲ.

ಅದೇ ವರ್ಷ ಬಂದಿದ್ದ ಜನರಲ್ ಹೆವಿಟ್ ಹಡಗಿನಲ್ಲೂ 300 ಜನರಲ್ಲಿ 34 ಮಂದಿ ಸತ್ತಿದ್ದರು. ಯಾಕೆ ಹೀಗೆ ಅಂತ ವಿಚಾರಿಸುವ ಕೆಲಸವನ್ನು ಅಲ್ಲಿನ ಬ್ರಿಟಿಷ್ ವಸಾಹತಿನ ಗವರ್ನರ್ ಮಕ್ವಾರಿ ವಿಲಿಯಂ ರೆಡ್‌ಫರ್ನ್ ಅವರಿಗೆ ವಹಿಸಿದರು. ಇದಕ್ಕಿಂತ ಸರಿಯಾದ ಮನುಷ್ಯ ಸಿಗುತ್ತಿರಲಿಲ್ಲ. ಯಾಕಂದ್ರೆ ರೆಡ್‌ಫರ್ನ್ ಡಾಕ್ಟರೂ ಹೌದು, ಇಂಥದ್ದೇ ಹಡಗಿನಲ್ಲಿ ಬಂದಿಳಿದ ಕೈದಿಯೂ ಹೌದು.

1797ರಲ್ಲಿ ಇಂಗ್ಲೆಂಡಿನ ನೋರ್‌ನಲ್ಲಿ ನಾವಿಕರು ದಂಗೆ ಎದ್ದಾಗ ಅವರು ನೌಕಾಪಡೆಯ ಹಡಗೊಂದರಲ್ಲಿ ಸರ್ಜನ್‌ಗೆ ಸಹಾಯಕ. ನಾವಿಕರಿಗೆ "ಒಗ್ಗಟ್ಟಾಗಿರಿ" ಅಂದದ್ದೇ ತಪ್ಪಾಯಿತು. ಗಲ್ಲು ಶಿಕ್ಷೆ ಬಿತ್ತು. ಚಿಕ್ಕ ವಯಸ್ಸು ಅಂತ ಅದನ್ನು ಜೀವಾವಧಿಗೆ ಇಳಿಸಿದರು. ನಾಲ್ಕು ವರ್ಷ ಜೈಲು, ಆಮೇಲೆ 1801ರಲ್ಲಿ ಮಿನೋರ್ಕಾ ಹಡಗು. ಬ್ರಿಟನ್ ತನ್ನದೇ ಜನಕ್ಕೆ ಕೊಡುತ್ತಿದ್ದ ಕರಿನೀರಿನ ಶಿಕ್ಷೆ ಇದು. 1788ರಿಂದ 1868ರವರೆಗೆ ಸುಮಾರು 1,62,000 ಜನರನ್ನು ಹೀಗೆ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ರೆಡ್‌ಫರ್ನ್‌ಗೆ 1803ರಲ್ಲಿ ಕ್ಷಮಾದಾನ ಸಿಕ್ಕಿತು. ಕೈಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ, ಹಾಗಾಗಿ 1808ರಲ್ಲಿ ಸಿಡ್ನಿಯ ಡಾಕ್ಟರುಗಳ ಮುಂದೆ ಮತ್ತೆ ಪರೀಕ್ಷೆಗೆ ಕೂತು ಪಾಸಾದರು.

ಅವರ ವರದಿ ಓದಿದರೆ ಮದ್ದಿನ ಮಾತು ಕಡಿಮೆ, ಬಟ್ಟೆ, ಗಾಳಿ, ನೀರಿನ ಮಾತೇ ಜಾಸ್ತಿ. ಕೈದಿಗಳು ಸ್ನಾನ ಮಾಡಬೇಕು. ದಿನಾ ಮೇಲಿನ ಡೆಕ್‌ಗೆ ಬರಬೇಕು. ಹಾಸಿಗೆ ಒಣಗಬೇಕು. ಚಳಿಗೆ ಸಾಕಾಗುವಷ್ಟು ಬಟ್ಟೆ ಬೇಕು. ಕೆಳಗಿನ ಕತ್ತಲಲ್ಲಿ, ಆರಡಿ ಉದ್ದ ಆರಡಿ ಅಗಲದ ಹಲಗೆ ಮೇಲೆ ನಾಲ್ವರು ಮೈಗೆ ಮೈ ತಾಗಿಸಿ ಮಲಗುತ್ತಿದ್ದ ಜಾಗ ಅದು. ಕೆಟ್ಟ ಗಾಳಿಯಿಂದಲೇ ಜ್ವರ ಬರುತ್ತದೆ ಅಂತ ಆಗಿನ ಬಹಳಷ್ಟು ಡಾಕ್ಟರುಗಳು ನಂಬಿದ್ದರು.

ಆದರೆ ನಿಜವಾದ ಅಪರಾಧಿ ಅಂಗಿಯ ಹೊಲಿಗೆ ಸಂದಿಯಲ್ಲಿ ಕೂತಿತ್ತು. ಕೂರೆ! ತಲೆಯ ಹೇನಲ್ಲ, ಬಟ್ಟೆಯಲ್ಲಿ ಮೊಟ್ಟೆ ಇಟ್ಟು, ಹಸಿವಾದಾಗ ಮೈಗೆ ಬಂದು ರಕ್ತ ಹೀರುವ ಹುಳು. ಟೈಫಸ್ ರೋಗಿಯ ರಕ್ತ ಕುಡಿದ ಕೂರೆಯ ಕರುಳಿನಲ್ಲಿ ರಿಕೆಟ್ಸಿಯಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಹಿಕ್ಕೆಯಲ್ಲಿ ಹೊರಬರುತ್ತದೆ. ಕಚ್ಚಿದ ಜಾಗ ನವೆ ಆಗುತ್ತದೆ. ಮನುಷ್ಯ ಕೆರೆದುಕೊಳ್ಳುತ್ತಾನೆ. ಹಿಕ್ಕೆ ಗಾಯದೊಳಗೆ ಹೋಗುತ್ತದೆ. ಅಷ್ಟೇ ಸಾಕು. ಜ್ವರದಿಂದ ಮೈ ಕಾದರೆ ಕೂರೆಗೆ ಸಹಿಸೋಕಾಗಲ್ಲ. ಹೆಣ ತಣ್ಣಗಾದರೂ ಇರಲ್ಲ. ಪಕ್ಕದಲ್ಲಿ ಮಲಗಿದವನ ಮೈಗೆ ದಾಟುತ್ತದೆ. ಪಕ್ಕದವನು ಒಂದು ಗೇಣು ದೂರದಲ್ಲೇ ಇದ್ದಾನಲ್ಲ.

ಟೈಫಸ್ ಹರಡುವುದು ಕೂರೆಯಿಂದ ಅಂತ ಕಂಡುಹಿಡಿದವರು ಟ್ಯೂನಿಸ್‌ನ ಡಾಕ್ಟರ್ ಶಾರ್ಲ್ ನಿಕೋಲ್, 1909ರಲ್ಲಿ. ಆಸ್ಪತ್ರೆ ಬಾಗಿಲಿನವರೆಗೆ ಟೈಫಸ್ ಅಂಟುತ್ತದೆ, ಬಟ್ಟೆ ಬಿಚ್ಚಿಸಿ ಸ್ನಾನ ಮಾಡಿಸಿದ ಮೇಲೆ ವಾರ್ಡಿನೊಳಗೆ ಅಂಟಲ್ಲ ಎಂಬುದನ್ನು ಅವರು ಗಮನಿಸಿದ್ದರು. ಸ್ನಾನ, ಒಣ ಬಟ್ಟೆ. ಕಾರಣ ಗೊತ್ತಿಲ್ಲದೆಯೇ ರೆಡ್‌ಫರ್ನ್ ಕೇಳಿದ್ದೂ ಅದನ್ನೇ ಅಲ್ವಾ?

ಅವರು ಇನ್ನೊಂದನ್ನೂ ಕೇಳಿದ್ದರು. ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆಗ ಹಡಗಿನ ಸರ್ಜನ್‌ಗೆ ಸಂಬಳ ಕೊಡುತ್ತಿದ್ದದ್ದು ಹಡಗಿನ ಮಾಲೀಕ. "ಕೈದಿಗಳನ್ನು ಮೇಲೆ ಬಿಡಿ" ಅಂತ ಕ್ಯಾಪ್ಟನ್‌ಗೆ ಎದುರು ಹೇಳುವವರು ಯಾರು? ಸರ್ಕಾರವೇ ಸರ್ಜನ್‌ಗಳನ್ನು ಕಳಿಸಲಿ, ಅವರ ಮಾತಿಗೆ ಬೆಲೆ ಇರಲಿ ಅಂತ ರೆಡ್‌ಫರ್ನ್ ಬರೆದರು. ಲಂಡನ್ ಒಪ್ಪಿತು. 1815ರಿಂದ ನೌಕಾಪಡೆಯ ಸರ್ಜನ್‌ಗಳು ಮೇಲ್ವಿಚಾರಕರಾಗಿ ಬಂದರು. ಮುಂದಿನ ದಶಕಗಳಲ್ಲಿ ದಾರಿಯಲ್ಲಿ ಸಾಯುವವರು ನೂರಕ್ಕೆ ಒಬ್ಬರ ಆಸುಪಾಸಿಗೆ ಇಳಿದರು.

1819ರಲ್ಲಿ ವಸಾಹತಿನ ಮುಖ್ಯ ಸರ್ಜನ್ ಹುದ್ದೆ ಖಾಲಿಯಾಯಿತು. ರೆಡ್‌ಫರ್ನ್‌ಗೇ ಸಿಗಬೇಕು ಅಂತ ಮಕ್ವಾರಿ ಬಯಸಿದ್ದರು. ಆದರೆ ಅವರು ಒಂದು ಕಾಲದ ಕೈದಿ. ಲಂಡನ್ ಅದನ್ನು ಜೇಮ್ಸ್ ಬೋಮನ್ ಅವರಿಗೆ ಕೊಟ್ಟಿತು. ಬೋಮನ್ ಅದಕ್ಕೆ ಮುಂಚೆ ಕೈದಿ ಹಡಗುಗಳಲ್ಲಿ ಮೇಲ್ವಿಚಾರಕ ಸರ್ಜನ್ ಆಗಿ ದುಡಿದವರು. ರೆಡ್‌ಫರ್ನ್ ಕೇಳಿದ್ದರಿಂದ ಹುಟ್ಟಿದ ಅದೇ ಹುದ್ದೆಯಲ್ಲಿ.

ರೆಡ್‌ಫರ್ನ್ ರಾಜೀನಾಮೆ ಕೊಟ್ಟರು.