ಕೃತಜ್ಞತೆ: ‘ಸಿಕ್ತು’ ಬೇರೆ, ‘ಕೊಟ್ಟೆ’ ಬೇರೆ

ದೇವರ ಗೂಡಿನ ಮುಂದೆ ಕೈಮುಗಿದು ‘ಧನ್ಯವಾದಗಳು’ ಅಂದವರನ್ನು ನಾನಂತೂ ಕಂಡಿಲ್ಲ. ಅದು ಮೈಕ್ ಹಿಡಿದವರ ಮಾತು. ಮನೆಯಲ್ಲಿ ಕೇಳಿಬರುವುದು ‘ಎಲ್ಲ ನಿನ್ನ ದಯೆ ತಾಯಿ’, ‘ನೀನೇ ನಡೆಸಿಕೊಟ್ಟೆಯಪ್ಪಾ’ ಅನ್ನುವಂಥದ್ದು. ಹಾಗಾದರೆ ಇಲ್ಲಿ ಕೃತಜ್ಞತೆ ಎಲ್ಲಿ ಕೂತಿದೆ?

ಮೊದಲು ಪದ ಬಿಡಿಸೋಣ. ‘ಕೃತ’ ಅಂದರೆ ಮಾಡಿದ್ದು, ‘ಜ್ಞ’ ಅಂದರೆ ಅರಿತವನು. ಮಾಡಿದ ಉಪಕಾರವನ್ನು ಅರಿತವನು ಕೃತಜ್ಞ. ಬಾಯಿಬಿಟ್ಟು ಹೇಳಬೇಕು ಅನ್ನುವ ಅರ್ಥ ಈ ಪದದೊಳಗೆ ಇಲ್ಲವೇ ಇಲ್ಲ. ‘ಜ್ಞ’ ಹೋಗಿ ‘ಘ್ನ’ ಬಂದರೆ ಮಾತ್ರ ಕಷ್ಟ: ಕೃತಘ್ನ, ಉಪಕಾರವನ್ನೇ ಕೊಂದವನು. ವಂದನಾರ್ಪಣೆ ಬರೆಯುವವರು ಈ ಅಕ್ಷರವನ್ನು ಎರಡು ಸಲ ನೋಡಿಕೊಳ್ಳುವುದು ಒಳ್ಳೇದು.

ಅರಿವು ಮಾತಿನಲ್ಲಿ ಕಾಣುವುದು ಕ್ರಿಯಾಪದದಲ್ಲಿ. ‘ಮಗಳಿಗೆ ಕೆಲಸ ಸಿಕ್ತು’ ಅನ್ನುವುದು ಬರೀ ಸುದ್ದಿ. ಕೊಟ್ಟವರು ಯಾರೂ ಅದರಲ್ಲಿಲ್ಲ. ‘ಮಗಳಿಗೆ ಕೆಲಸ ಕೊಟ್ಟೆ’ ಅಂದರೆ ಎದುರಿಗೆ ಒಬ್ಬರು ಬಂದು ನಿಂತ ಹಾಗೆ. ‘ಮದುವೆ ನಡೆಸಿದೆ’ ಮತ್ತು ‘ಮದುವೆ ನಡೆಸಿಕೊಟ್ಟೆ’ ಇವೆರಡನ್ನು ಜೋಡಿಸಿ ನೋಡಿ. ಬಾಲಕ್ಕೆ ಸೇರಿದ ‘ಕೊಟ್ಟೆ’ಯಿಂದ ‘ನಮಗೋಸ್ಕರ’ ಅನ್ನುವ ಭಾವ ಬರುತ್ತದೆ. ಬೇರೆ ಥ್ಯಾಂಕ್ಸ್ ಯಾಕೆ ಬೇಕು, ಅಲ್ವಾ?

ಜೇಡರ ದಾಸಿಮಯ್ಯನ ಒಂದು ವಚನದಲ್ಲಿ ‘ಕೊಟ್ಟೆ’ ಅನ್ನುವ ಕ್ರಿಯಾಪದವೂ ಇಲ್ಲ. ‘ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ’ ಅಂತ ಸುಮ್ನೆ ಎಣಿಸುತ್ತಾ ಹೋಗುತ್ತಾನೆ, ಬೀಸುವ ಗಾಳಿಯನ್ನೂ ಬಿಡುವುದಿಲ್ಲ. ಆಮೇಲೆ, ಆ ದಾನ ಉಂಡು ಬೇರೆಯವರನ್ನು ಹೊಗಳುವವರನ್ನು ನಾಯಿಗಳು ಅಂತ ಬೈಯುತ್ತಾನೆ. ಕೃತಜ್ಞತೆಯ ಜೊತೆಗೇ ಕೃತಘ್ನರಿಗೆ ಏಟು!

ಕನ್ನಡ ಚರ್ಚುಗಳಲ್ಲಿ ‘ದೇವರಿಗೆ ಸ್ತೋತ್ರ’ ಅನ್ನುತ್ತಾರೆ. ಹೊಗಳಿಕೆಯ ಪದವೇ ಅಲ್ಲಿ ಕೃತಜ್ಞತೆಯ ಕೆಲಸ ಮಾಡುತ್ತದೆ. ಮುಸ್ಲಿಮರ ‘ಅಲ್‌ಹಮ್ದುಲಿಲ್ಲಾಹ್’ ಕೂಡ ಹಾಗೇ. ಹೊಗಳಿಕೆಯೆಲ್ಲ ಅಲ್ಲಾಹನದು ಅಂತ ಅದರ ಅರ್ಥ. ‘ನಾನು’ ಅನ್ನುವುದೇ ಅದರಲ್ಲಿಲ್ಲ.

ನಮ್ಮ ‘ಕೊಡು’ವಿಗೆ ಇನ್ನೊಂದು ಗುಣ ಇದೆ. ಬೇಡುವುದಕ್ಕೂ ಅದೇ, ನೆನೆಯುವುದಕ್ಕೂ ಅದೇ. ನಮ್ಮಜ್ಜಿ ದೀಪ ಹಚ್ಚಿ ಎರಡನ್ನೂ ಒಂದೇ ಉಸಿರಿಗೆ ಮುಗಿಸುತ್ತಿದ್ದರು: ‘ಇಲ್ಲೀ ತನಕ ಕೊಟ್ಟೆ, ಮುಂದಕ್ಕೂ ಕೊಡು.’