ಹೆಸರು ಐದು, ಹಿಟ್ಟು ಒಂದೇ

ನನ್ನ ಮುಂದೆ ಕೂತವರಿಗೆ ಮೊದಲು ಕೇಳುವುದು ಇದನ್ನೇ: ‘ನಿನ್ನಿ ಮುಂಜಾನಿಂದ ರಾತ್ರಿ ತನಕ ಏನೇನು ತಿಂದ್ರಿ?’ ಕಲಬುರಗಿಯಲ್ಲಿ ನಾನು ಆಹಾರ ಸಲಹೆ ಶುರು ಮಾಡಿದ ಕಾಲಕ್ಕೆ ಉತ್ತರ ಗಿಡ್ಡದಿರುತ್ತಿತ್ತು. ಜೋಳದ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ). ಈಗ ಪಟ್ಟಿ ಉದ್ದ: ಚಹಾಕ್ಕೆ ಬಿಸ್ಕತ್ತು, ಆಮೇಲೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆ ನೂಡಲ್ಸ್, ರಾತ್ರಿ ಪರೋಟ. ಒಂದೊಂದರ ಪಕ್ಕಕ್ಕೂ ಧಾನ್ಯ ಬರೆಯುತ್ತೇನೆ. ಐದಕ್ಕೂ ಗೋಧಿ. ಬರೆದದ್ದು ತೋರಿಸಿದರೆ ಅವರೇ ನಗುತ್ತಾರೆ.

ಜಗತ್ತಿನ ಲೆಕ್ಕವೂ ಹೀಗೇ ಇದೆ. ಬೆಳೆಗಳ ವೈವಿಧ್ಯ ಅಭ್ಯಸಿಸುವ ವಿಜ್ಞಾನಿ ಕಾಲಿನ್ ಖೌರಿ ಮತ್ತು ಸಂಗಡಿಗರು 152 ದೇಶಗಳ 1961ರಿಂದ 2009ರವರೆಗಿನ ಆಹಾರ ಪೂರೈಕೆ ತಾಳೆ ಹಾಕಿ 2014ರಲ್ಲಿ ಪ್ರಕಟಿಸಿದರು. ಬಿಡಿಯಾಗಿ ನೋಡಿದರೆ ದೇಶಗಳಲ್ಲಿ ಬೆಳೆಗಳ ಬಗೆ ಹೆಚ್ಚಾಗಿದೆ. ದೇಶಗಳನ್ನು ಒಂದರ ಪಕ್ಕ ಒಂದಿಟ್ಟರೆ ಅವುಗಳ ನಡುವಿನ ಹೋಲಿಕೆಯೂ 36% ಹೆಚ್ಚಾಗಿದೆ. (ಇದು ಪೂರೈಕೆಯ ಲೆಕ್ಕ, ಉಂಡದ್ದರದ್ದಲ್ಲ.) ಗೋಧಿ, ಸೋಯಾ, ತಾಳೆಎಣ್ಣೆ ಮುಂದೆ ಬಂದವು. ಹಿಂದೆ ಸರಿದವು ಜೋಳ, ಸಜ್ಜೆ, ಗೆಣಸು. ಅಂದರೆ ನಮ್ಮ ಬುಟ್ಟಿಯೇ.

ಇದಕ್ಕೆಲ್ಲ ಪಿಜ್ಜಾ ಅಂಗಡಿಯನ್ನು ಬೈಯುವುದು ಸುಲಭ. ಆದರೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಜೋಳದ ಹೊಲದಲ್ಲಿ ಭತ್ತ ನಿಂತಿತು. ರೇಷನ್ ಚೀಲದಲ್ಲೂ ಅಕ್ಕಿ. ಕುಸುಬಿ ಎಣ್ಣೆ ತಿಂದು ಬೆಳೆದವರ ಬಾಣಲಿಗೆ ಇಂಡೋನೇಷ್ಯಾ, ಮಲೇಷ್ಯಾದ ತಾಳೆಎಣ್ಣೆ ಬಂತು, ಮಿರ್ಚಿ ಭಜಿಯ ಹೆಸರು ಮಾತ್ರ ಬದಲಾಗಲಿಲ್ಲ.

ಹಾಗಂತ ‘ನಮ್ಮದೇ ಶುದ್ಧ’ ಎನ್ನುವ ಮಾತೂ ನನಗೆ ಒಗ್ಗದು. ಜೋಳ ಆಫ್ರಿಕಾದ್ದು, ಶೇಂಗಾ ದಕ್ಷಿಣ ಅಮೆರಿಕದ್ದು. ಹಿಂಡಿಗೆ ಬೀಳುವ ಮೆಣಸಿನಕಾಯಿಯೂ ಹಡಗು ಹತ್ತಿ ಬಂದದ್ದೇ. ಬಂದ ಬೆಳೆಗಳು ಇಲ್ಲಿಯವುಗಳ ಜೊತೆ ಕೂತವು. ಈಗಿನವು ಕೂತಿದ್ದನ್ನು ಎಬ್ಬಿಸಿ ಕೂರುತ್ತಿವೆ. ನನ್ನ ತಕರಾರು ಅಷ್ಟೇ.

ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರಿಗೆ ರೊಟ್ಟಿ ತಿನ್ನಿ ಅಂದೆ. ‘ಹೇಳಾಕ ಸರಳ ಅದ, ಬಡಿಯೋರು ಯಾರವ್ವ? ಸೊಸಿ ಎಂಟಕ್ಕ ಡ್ಯೂಟಿಗೆ ಹೋಗ್ತಾಳ’ ಎಂದರು. ನಿಜ. ನೂಡಲ್ಸ್‌ಗೆ ಬೇಕಾದದ್ದು ಕೆಲವೇ ನಿಮಿಷ. ರೊಟ್ಟಿಗೆ ಒಬ್ಬ ಹೆಂಗಸಿನ ರಟ್ಟೆ ಬೇಕು. ಅಂದಿನಿಂದ ಸಲಹೆಯ ಹಾಳೆಯಲ್ಲಿ ‘ರೊಟ್ಟಿ’ ಎಂದು ಸುಮ್ಮನೆ ಬರೆಯುವುದಿಲ್ಲ. ‘ಮಹಿಳಾ ಸಂಘದವರ ಖಡಕ್ ರೊಟ್ಟಿ, ವಾರಕ್ಕೊಮ್ಮೆ ಕೊಳ್ಳಿ’ ಎಂದು ಬರೆಯುತ್ತೇನೆ.