ಹಲ್ಲುನೋವು ತಾನಾಗೇ ಹೋಯ್ತಾ? ಹಾಗಾದ್ರೆ ಇದನ್ನ ಓದಿ

"ಎರಡು ದಿನ ಲವಂಗ ಕಚ್ಕೊಂಡು ಒದ್ದಾಡಿದೆ, ಆಮೇಲೆ ನೋವು ತಾನಾಗೇ ಹೋಯ್ತು" ಅನ್ನೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ. ಎಷ್ಟೋ ಸಲ ವಾಸಿಯಾಗಿರಲ್ಲ ಸ್ವಾಮಿ, ಒಳಗಿನ ನರಾನೇ ಸತ್ತೋಗಿರುತ್ತೆ! ಡಾಕ್ಟರ್ ಹತ್ರ ಹೋಗಿ ಅಂದ್ರೆ ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗುತ್ತಂತೆ ಅನ್ನೋ ಅಜ್ಜಿ ಕಾಲದ ಕಥೆ ಬೇರೆ.

ದವಡೆಯ ಸಿಸ್ಟ್‌ಗಳಲ್ಲಿ (ಅಂದ್ರೆ ಒಳಗೆ ನೀರು ತುಂಬಿಕೊಳ್ಳೋ ಚೀಲಗಳಲ್ಲಿ) ಅತಿ ಕಾಮನ್ ಆದ ರ‍್ಯಾಡಿಕ್ಯುಲರ್ ಸಿಸ್ಟ್ ಬೆಳೆಯೋದು ಇಂಥ ಸತ್ತ ಹಲ್ಲಿನ ಬೇರಿನ ತುದೀಲೇ. ಮೈಯಲ್ಲಿ ಇಷ್ಟೊಂದು ಮೂಳೆ ಇದ್ರೂ ಈ ಕಾಟ ದವಡೆಗೇ ಯಾಕೆ ಜಾಸ್ತಿ ಅಂದ್ರೆ, ಹಲ್ಲು ಕಟ್ಟೋಕೆ ಬಾಯಿಯ ಒಳಪದರದ ಜೀವಕೋಶಗಳು ದವಡೆಯೊಳಗೆ ಇಳಿದಿರ್ತವೆ, ಕೆಲಸ ಮುಗಿದ್ಮೇಲೂ ಕೆಲವು ಅಲ್ಲೇ ಉಳಿದುಬಿಡ್ತವೆ, ಮದುವೆ ಮುಗಿದ್ರೂ ಛತ್ರದ ಹಿಂದೆ ಮಲಗಿರೋ ಅಡುಗೆಯವರ ಥರ. ಇವಕ್ಕೆ ಮಲಸ್ಸೆ ರೆಸ್ಟ್ಸ್ ಅಂತಾರೆ, 19ನೇ ಶತಮಾನದ ಫ್ರೆಂಚ್ ವಿಜ್ಞಾನಿ ಲೂಯಿ ಶಾರ್ಲ್ ಮಲಸ್ಸೆ ಹೆಸರಲ್ಲಿ. ತಲೆಹೊಟ್ಟಿನ ಜೊತೆ ನಂಟಿರೋ ಮಲಸೇಜಿಯಾ ಫಂಗಸ್‌ಗೂ ಪಾಪ ಅವರದ್ದೇ ಹೆಸರು.

ಸರಿ, ಸತ್ತ ನರದ ಸೋಂಕು ಬೇರಿನ ತುದಿಗೆ ಇಳೀತು ಅಂದ್ರೆ ಯಾರೋ ಮತ್ತೆ ಒಲೆ ಹಚ್ಚಿದ ಹಾಗೆ. ಮಲಗಿದ್ದ ಕೋಶಗಳು ಎದ್ದು ಬೆಳೆದು ಉಂಡೆ ಆಗ್ತವೆ, ಉಂಡೆ ನಡುವಿನವಕ್ಕೆ ರಕ್ತದಿಂದ ಊಟ ಸಿಗದೆ ಸಾಯ್ತವೆ, ಒಳಗೆ ಟೊಳ್ಳು. ಸತ್ತ ಕೋಶಗಳ ಕಸ ಹೊರಗಿನ ನೀರನ್ನ ಗೋಡೆ ಮೂಲಕ ಎಳ್ಕೊಳ್ಳುತ್ತೆ, ರಾತ್ರಿ ನೆನೆಸಿದ ಒಣದ್ರಾಕ್ಷಿ ಬೆಳಗ್ಗೆ ಉಬ್ಬಿರುತ್ತಲ್ಲ ಹಾಗೆ. ಜೊತೆಗೆ ಗೋಡೆಯಿಂದ ಬರೋ ರಾಸಾಯನಿಕಗಳು ಸುತ್ತಲಿನ ಮೂಳೇನ ಕರಗಿಸ್ತವೆ, ಹೆಚ್ಚಾಗಿ ನೋವೇ ಇಲ್ದೆ! ಕೊನೆಗೆ ಮೂಳೆ ಎಷ್ಟು ತೆಳ್ಳಗಾಗಬಹುದು ಅಂದ್ರೆ ಬೆರಳಲ್ಲಿ ಒತ್ತಿದ್ರೆ ಮೊಟ್ಟೆ ಚಿಪ್ಪು ಅದುಮಿದ ಹಾಗೆ ಪಟಪಟ ಅನ್ನುತ್ತೆ. ಹಲ್ಲು ಕಿತ್ತು ಸಿಸ್ಟ್ ಬಿಟ್ರೆ ಅದು ಒಳಗೇ ಉಳಿಯುತ್ತೆ, ಅದಕ್ಕೆ ರೆಸಿಡ್ಯುಯಲ್ ಸಿಸ್ಟ್ ಅನ್ನೋ ಹೆಸರೇ ಇದೆ.

ಡೆಂಟಿಜೆರಸ್ ಸಿಸ್ಟ್ ಬೇರೆ ಜಾತಿ, ಹುಟ್ಟದೆ ಒಳಗೇ ಸಿಕ್ಕಾಕ್ಕೊಂಡ ಹಲ್ಲಿನ ತಲೆಗೆ ಹಾಕಿದ ಕುಲಾವಿಯೊಳಗೆ ನೀರು ತುಂಬಿದ ಹಾಗೆ, ಹೆಚ್ಚಾಗಿ ಕೆಳಗಿನ ಬುದ್ಧಿಹಲ್ಲಿಗೆ.

ಇನ್ನು ಮೂರನೇ ಜಾತಿ ಓಕೆಸಿ, ಅಂದ್ರೆ ಓಡಾಂಟೋಜೆನಿಕ್ ಕೆರಾಟೋಸಿಸ್ಟ್, ಬರೀ ನೀರು ಎಳ್ಕೊಂಡು ಉಬ್ಬೋ ದ್ರಾಕ್ಷಿ ಲೆಕ್ಕಕ್ಕೆ ಬಗ್ಗಲ್ಲ. ಅದರ ಕೋಶಗಳೇ ಜೋರಾಗಿ ಬೆಳೀತವೆ, ಎಷ್ಟೋ ಕೇಸಲ್ಲಿ ಪಿಟಿಸಿಎಚ್1 ಅನ್ನೋ ಜೀನೇ ಕೆಟ್ಟಿರುತ್ತೆ. 1956ರಲ್ಲಿ ಫಿಲಿಪ್ಸೆನ್ ಅನ್ನೋ ಬಾಯಿರೋಗ ತಜ್ಞ ಹೆಸರಿಟ್ಟ ಇದನ್ನ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಟ್ಯೂಮರ್ ಅಂತು, 2017ರಲ್ಲಿ ಅಲ್ಲಪ್ಪಾ ಸಿಸ್ಟೇ ಅಂತು. ಹೆಸರು ಏನೇ ಇರಲಿ, ತೆಗೆದ್ಮೇಲೂ ವರ್ಷಗಟ್ಟಲೆ ಎಕ್ಸ್‌ರೇ ತೆಗೀತಾನೇ ಇರಬೇಕು, ಯಾಕಂದ್ರೆ ಆ ತೆಳ್ಳನೆ ಗೋಡೆ ಹರಿದು ಒಂದು ಚೂರು ಉಳಿದ್ರೂ ಮತ್ತೆ ಶುರುವಾಗಬಹುದು.